ಹಿರೀಕನ ಏಳು ಹೆಜ್ಜೆ

ಬಸ್ಸು ನನ್ನನ್ನು ಒಂದು ಕಲ್ಲುಕಟ್ಟೆಯ ಪಕ್ಕ ಇಳಿಸಿ ಹೋಯಿತು. ಕಟ್ಟೆಯ ಮೇಲೆಯೇ ನಿಲ್ಲಬೇಕು, ಮರಳಿಗೆ ಕಾಲಿಡಬಾರದು ಎಂದು ಕಂಡಕ್ಟರು ಮೂರು ಸಲ ಹೇಳಿದ್ದ. ನನ್ನ ಕಾಲು ನೋಡಿ ಹೇಳುತ್ತಿದ್ದಾನೆಂದು ತಿಳಿದು ನಾನು ಮುಖ ಗಂಟಿಕ್ಕಿಕೊಂಡಿದ್ದೆ. ನನ್ನ ಬಲಗಾಲು ಎರಡನೇ ವಯಸ್ಸಿಗೇ ಪೋಲಿಯೋ ಪಾಲಾಗಿದೆ. ಈಗ ಐವತ್ತೆರಡು. ಅಂದಿನಿಂದ ಕಂಕುಳಿಗೆ ಊರುಗೋಲು ಕೊಟ್ಟೇ ನಡೆಯುವುದು. ಯಾರಾದರೂ ‘ಹುಷಾರು’ ಅಂದರೆ ಸಾಕು, ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಸ್ವಲ್ಪ ಹೊತ್ತಿಗೆ ಖಾನಾವಳಿಯ ಬಾಳವ್ವ ಕತ್ತೆಗಾಡಿ ಹೊಡೆದುಕೊಂಡು ಬಂದಳು. ನಾನು ಉಳಿದುಕೊಳ್ಳಬೇಕಾದದ್ದು ಅವಳ ಮನೆಯಲ್ಲೇ. ದಪ್ಪ ಹೆಂಗಸು, ಹಣೆ ತುಂಬ ಕುಂಕುಮ, ಮಾತಿಗಿಂತ ಮೊದಲೇ ನಗು. ನನ್ನ ಪ್ಲಾಸ್ಟರ್ ಚೀಲ, ಬಕೆಟ್ಟು, ಹಲಗೆಗಳನ್ನೆಲ್ಲ ತಾನೇ ಎತ್ತಿ ಗಾಡಿಗೆ ಹಾಕಿದಳು. ಆಮೇಲೆ ನನ್ನ ಊರುಗೋಲನ್ನು ಕೈಯಿಂದ ಮೆತ್ತಗೆ ತೆಗೆದುಕೊಂಡು ಹಳೇ ಸೀರೆಯಲ್ಲಿ ಸುತ್ತಿಟ್ಟಳು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ,” ಅಂದಳು. “ನಮ್ಮೂರಾಗ ಯಾರೂ ಕೋಲು ಊರಂಗಿಲ್ಲ. ಅದು ಹಿರೀಕಗ ಒಬ್ಬಗ ಬಿಟ್ಟಿದ್ದು.”

ಆ ಊರಿನಲ್ಲಿ ಹೆಜ್ಜೆ ಅಳಿಯುವುದಿಲ್ಲ. ಗಾಳಿ ಬೀಸುತ್ತದೆ, ದಿಬ್ಬಗಳು ಅತ್ತಿಂದಿತ್ತ ಸರಿಯುತ್ತವೆ, ಹೆಜ್ಜೆ ಮಾತ್ರ ಇದ್ದಲ್ಲೇ ಇರುತ್ತದೆ. ಗಾಡಿಯಲ್ಲಿ ಕೂತು ಬೀದಿ ನೋಡುತ್ತ ಹೋದೆ. ಒಂದೊಂದು ಮನೆತನಕ್ಕೆ ಒಂದೊಂದು ಸಾಲು. ಅತ್ತೆ ಇಟ್ಟ ಹೆಜ್ಜೆಯಲ್ಲೇ ಸೊಸೆ, ಅಪ್ಪ ಇಟ್ಟಲ್ಲೇ ಮಗ. ಹೀಗೆ ನಡೆದರೆ ಬೀದಿ ಚೊಕ್ಕಟವಾಗಿರುತ್ತದೆ, ಯಾರು ಎಲ್ಲಿಗೆ ಹೋದರು ಎಂಬ ಮಾತೂ ಹುಟ್ಟುವುದಿಲ್ಲ. ಜಗಳವಾದ ದಿನ ಸೊಸೆ ಸಾಲು ಬಿಟ್ಟು ಒಂದು ಗೇಣು ಆಚೆ ನಡೆಯುತ್ತಾಳಂತೆ. ಮತ್ತೆ ಸಾಲಿಗೆ ಬಂದ ದಿನ ನೆರೆಮನೆಯವರು ಬೆಲ್ಲ ಕಳಿಸುತ್ತಾರೆ. ಸೇಂದಿ ಅಂಗಡಿಯ ಮುಂದೆ ಸುರುಳಿ ಸುರುಳಿಯಾದ ಒಂದು ಸಾಲು ಕಂಡಿತು. ಅದನ್ನು ನಡೆದವನು ಸತ್ತು ಅರವತ್ತು ವರ್ಷವಾಯಿತು, ಮೊಮ್ಮಗ ಶಾಲೆಯ ಮೇಷ್ಟ್ರು, ಇವತ್ತಿಗೂ ಆ ಕಡೆ ಮುಖ ಎತ್ತದೆ ಹೋಗುತ್ತಾನೆ ಎಂದು ಬಾಳವ್ವ ನಕ್ಕಳು. ಕಳ್ಳತನ ಉಂಟೋ ಎಂದು ಕೇಳಿದೆ. ಒಮ್ಮೆ ಆಗಿತ್ತಂತೆ. ಊರವರು ಹೆಜ್ಜೆ ಹಿಡಿದು ಮೂರು ದಿನ ನಡೆದು ಕಳ್ಳನ ಮನೆಗೇ ಹೋಗಿ, ಉಂಡು, ತಮ್ಮ ಕೊಡ ಇಸಿದುಕೊಂಡು ಬಂದರಂತೆ.

ನಾನು ಬಂದದ್ದೂ ಹೆಜ್ಜೆಗಾಗಿಯೇ. ಮ್ಯೂಸಿಯಮ್ಮಿನಲ್ಲಿ ನನ್ನದು ಅಚ್ಚು ತೆಗೆಯುವ ಕೆಲಸ. ಊರಿನಿಂದ ಅರ್ಧ ಗಂಟೆಯ ದಾರಿಯಲ್ಲಿ ಹಳೇ ಪಟ್ಟಣವೊಂದು ಮರಳಿನಲ್ಲಿ ಹೂತುಹೋಗಿದೆ; ಗೋಡೆಯ ತಲೆಗಳು, ಒಣಗಿದ ಬಾವಿಗಳು, ಕಲ್ಲಿನ ಊರಬಾಗಿಲು. ಸುತ್ತಲಿನ ಮರಳು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸೊಂಟದವರೆಗೆ ಕುಸಿಯುವಂಥದ್ದು. ಸಾವಿರಾರು ವರ್ಷದ ಹಿಂದೆ ಆ ಪಟ್ಟಣದವರು ಊರು ಬಿಟ್ಟು ಹೊರಟಾಗ ಮುಂದೆ ಒಬ್ಬ ಹಿರೀಕ ದಂಡ ಹಿಡಿದು ನಡೆದನಂತೆ. ಉಳಿದವರು ಅವನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಬಂದು ಈ ಊರು ಕಟ್ಟಿದರು. ಆ ಸಾಲು ಊರಬಾಗಿಲಿನಿಂದ ಇಲ್ಲಿನವರೆಗೂ, ಊರಿನ ಎಲ್ಲ ಮನೆಗಳ ಮುಂದೆ ಹಾದು, ಇದೆ. ಈ ವರ್ಷ ಒಂದು ದಿಬ್ಬ ಸರಿದಾಗ ಬಾಗಿಲ ಒಳಗೆ, ಒಂದು ಸಣ್ಣ ಮನೆಯ ಹೊಸ್ತಿಲಿನಿಂದ ಬಾಗಿಲವರೆಗೆ ಏಳು ಹೊಸ ಹೆಜ್ಜೆ ಕಂಡಿದ್ದವು. ಹಿರೀಕ ತನ್ನ ಮನೆಯಿಂದ ಹೊರಟು ಬಂದ ಹೆಜ್ಜೆಗಳು. ಅವುಗಳ ಮೇಲೆ ಇನ್ನೊಬ್ಬರ ಕಾಲು ಬಿದ್ದಿಲ್ಲ. ಅವುಗಳಲ್ಲಿ ಒಂದೆರಡರ ಅಚ್ಚು ಮ್ಯೂಸಿಯಮ್ಮಿಗೆ ಬೇಕಿತ್ತು. ಹಿರೀಕನ ಪಾದ ಮೊದಲು ಊರಿನ ಕಟ್ಟೆಯ ಮೇಲೆ ಎಲ್ಲರಿಗೂ ತೋರಿಸಬೇಕು ಎಂಬ ಷರತ್ತಿನ ಮೇಲೆ ಊರವರು ಒಪ್ಪಿದ್ದರು.

ಮೊದಲ ಸಂಜೆಯೇ ನನ್ನಿಂದ ಒಂದು ರಾದ್ಧಾಂತವಾಯಿತು. ಖಾನಾವಳಿಯ ಎದುರಿನ ಬಯಲಿನಲ್ಲಿ ಹತ್ತಿಪ್ಪತ್ತು ಹೆಂಗಸರು ಸಾಲಾಗಿ ನಿಂತು ಕುಂಟುತ್ತಿದ್ದರು. ಎಡಗಾಲು ಧೊಪ್ಪೆಂದು ಊರುವುದು, ಸೊಂಟ ಒಲೆಯುವುದು, ಬಲಗಾಲ ಬೆರಳು ಎಳೆಯುವುದು. ಜಗುಲಿಯ ಮೇಲೆ ಕೂತಿದ್ದ ನನ್ನ ಕಡೆ ನೋಡಿ ಒಬ್ಬಳು ನಕ್ಕಳು ಕೂಡ. ಕುಂಟಿಯ ಎದುರಿಗೆ ಕುಂಟಿ ತೋರಿಸುವ ಊರು ಇದೇ ಮೊದಲು ಕಂಡದ್ದು ಎಂದು ನಾನು ಬಾಯಿಗೆ ಬಂದಂತೆ ಬೈದೆ. ಬಾಳವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅದು ಅಣಕವಲ್ಲ, ಹಿರೀಕನ ನಡಿಗೆ ಎಂದು ಕೈಮುಗಿದು ಹೇಳಿದಳು. ಮದುವೆಯ ದಿನ ಹೆಣ್ಣು ಹಳೇ ಪಟ್ಟಣದ ಊರಬಾಗಿಲಿನಿಂದ ಗಂಡಿನ ಮನೆಯ ಹೊಸ್ತಿಲವರೆಗೆ ಆ ಸಾಲಿನಲ್ಲೇ ನಡೆದು ಬರಬೇಕು, ಒಂದು ಹೆಜ್ಜೆಯೂ ಆಚೆ ಬೀಳಬಾರದು. ಸಾಲು ಬಹಳ ವಿಚಿತ್ರ. ಹೆಜ್ಜೆಗಳು ಒಂದು ದೂರ, ಒಂದು ಹತ್ತಿರ, ಒಂದು ಓರೆ. ಹಾಗೆ ಒಲೆದು ನಡೆದರೆ ಮಾತ್ರ ಅಳತೆ ಸಿಗುತ್ತದೆ. ಅದು ದೊಡ್ಡವರ ಗತ್ತಿನ ನಡಿಗೆಯಂತೆ. ಮದುವೆಗೆ ತಿಂಗಳ ಮೊದಲೇ ರೂಢಿ ಮಾಡುತ್ತಾರೆ, ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಾರೆ, ಆದರೂ ಮುಗ್ಗರಿಸದವರು ಯಾರೂ ಇಲ್ಲ. ಅಷ್ಟೆಲ್ಲ ಕಣ್ಣೆದುರಿಗೇ ಇದ್ದೂ ನನಗೆ ಏನೂ ಹೊಳೆಯಲಿಲ್ಲ. ಕೋಪ ಬಂದಾಗ ನನ್ನ ಬುದ್ಧಿ ಬಾಗಿಲು ಹಾಕಿಕೊಳ್ಳುತ್ತದೆ.

ಬಾಳವ್ವನ ಮಗಳು ಕಸ್ತೂರಿಯನ್ನು ನಾನು ನೋಡುವುದಕ್ಕಿಂತ ಮೊದಲು ಕೇಳಿದ್ದು. ಬೆಳಗಿನ ಜಾವದಿಂದ ಹಿತ್ತಲಿನಲ್ಲಿ ರೊಟ್ಟಿ ತಟ್ಟುವ ಸದ್ದು. ಇಪ್ಪತ್ನಾಲ್ಕು ವರ್ಷದ ಹುಡುಗಿ, ಉದ್ದ ಜಡೆ, ಕೈ ಮಾತ್ರ ಗಟ್ಟಿ. ನೀರು ತರಲು ಎದ್ದಳು. ಗೋಡೆ ಹಿಡಿದು, ಬಲಗಾಲು ಎಳೆದು ನಡೆದಳು. ಒಂಬತ್ತನೇ ವರ್ಷದಲ್ಲಿ ಹಳೇ ಪಟ್ಟಣದ ಗೋಡೆಯಿಂದ ಬಿದ್ದು ಮುರಿದ ಕಾಲು, ಸೊಟ್ಟಗೆ ಕೂಡಿಕೊಂಡಿದೆ. ಅಂದಿನಿಂದ ಅವಳು ಬೀದಿಯ ಮರಳಿಗೆ ಕಾಲಿಟ್ಟಿಲ್ಲ. ಹಿತ್ತಲಿಗೆಲ್ಲ ಕಲ್ಲು ಹಾಸಿದೆ, ಹೊರಗೆ ಹೋಗಬೇಕಾದರೆ ಕತ್ತೆಗಾಡಿ. ಮಗಳ ಸೊಟ್ಟ ಹೆಜ್ಜೆ ಎಂದೆಂದಿಗೂ ಬೀದಿಯಲ್ಲಿ ಬಿದ್ದಿರುವುದು, ಹೋಗಿಬರುವವರು ಬಗ್ಗಿ ನೋಡುವುದು ಬಾಳವ್ವನಿಗೆ ಬೇಡವಾಗಿತ್ತು. ಮುಂಬಾಗಿಲಿನ ಆಚೆ ಎರಡು ಪುಟ್ಟ ಪಾದಗಳ ಸಾಲು ಹಳೇ ಪಟ್ಟಣದ ಕಡೆಗೆ ಹೋಗಿತ್ತು. ನೆಟ್ಟಗಿನ ಹೆಜ್ಜೆಗಳು, ನಡುನಡುವೆ ಕುಣಿದದ್ದೂ ಕಾಣುತ್ತಿತ್ತು. ತಿರುಗಿ ಬಂದ ಹೆಜ್ಜೆ ಇರಲಿಲ್ಲ, ಅವಳನ್ನು ಎತ್ತಿಕೊಂಡು ಬಂದಿದ್ದರು. ಬಾಳವ್ವ ದಿನಾ ಬೆಳಿಗ್ಗೆ ಆ ಮೊದಲ ಹೆಜ್ಜೆಯ ಸುತ್ತ ರಂಗೋಲಿ ಎಳೆಯುತ್ತಿದ್ದಳು.

ಗೌಂಡಿ ಭರಮಪ್ಪ ನಾಲ್ಕು ಮನೆ ಆಚೆಗೆ ತನ್ನದೇ ಅಡುಗೆಮನೆ ಇದ್ದರೂ ದಿನಾ ಮಧ್ಯಾಹ್ನ ಖಾನಾವಳಿಗೇ ಊಟಕ್ಕೆ ಬರುತ್ತಿದ್ದ. ಬರುವಾಗ ಹೆಗಲ ಮೇಲೆ ಒಂದು ಚಪ್ಪಡಿ ಕಲ್ಲು. ಉಂಡ ಮೇಲೆ ಅದನ್ನು ಹಿತ್ತಲಿನಲ್ಲಿ ಹಾಸಿ, ಕಾಲಿನಿಂದ ಒತ್ತಿ ನೋಡಿ ಹೋಗುತ್ತಿದ್ದ. ಹೀಗೆ ಆರು ವರ್ಷ. ಒಲೆಯ ಹತ್ತಿರದಿಂದ ಶುರುವಾದ ಕಲ್ಲು ಈಗ ಮುಂಬಾಗಿಲಿಗೆ ಬಂದು ಮುಟ್ಟಿತ್ತು. ಮದುವೆಗೆ ಅವನು ಕೇಳಿದ್ದಾನೆ, ಕಸ್ತೂರಿ ಒಪ್ಪಿದ್ದಾಳೆ. ಒಪ್ಪದಿದ್ದವಳು ಅವನ ತಾಯಿ ಸತ್ಯವ್ವ.

ಸತ್ಯವ್ವನೇ ಊರಿನ ಮದುಮಕ್ಕಳನ್ನೆಲ್ಲ ಸಾಲಿನಲ್ಲಿ ನಡೆಸುವವಳು. ಹಿರೀಕನ ಹೆಸರಿನ ಬೆಳ್ಳಿಕಟ್ಟಿನ ದಂಡ ಅವಳ ವಶದಲ್ಲೇ ಇರುತ್ತದೆ, ಅದನ್ನು ಮದುವೆಯ ದಿನ ಮಾತ್ರ ಹೊರಗೆ ತೆಗೆಯುವುದು. ಅರವತ್ತೈದರ ಮೇಲಿನ ಎತ್ತರದ ಹೆಂಗಸು, ಬೆನ್ನು ಬಾಗಿಲ್ಲ. ನಾನು ಹೋಗಿ ಮಾತಾಡಿಸಿದೆ. ಕೆಟ್ಟವಳೇನಲ್ಲ, ಚಹಾ ಕೊಟ್ಟಳು. ಕಸ್ತೂರಿಯ ಮಾತು ತೆಗೆದಾಗ ನೆಟ್ಟಗೆ ಹೇಳಿದಳು.

“ಹುಡುಗಿ ಬಂಗಾರದಂಥಾಕಿ, ಇಲ್ಲನ್ನಂಗಿಲ್ಲ. ಆದ್ರ ಎರಡೂ ಕಾಲು ನೆಟ್ಟಗಿದ್ದಾವರ ಮುಗ್ಗರಿಸೋ ಸಾಲು ಅದು. ಆಕಿ ಹ್ಯಾಂಗ ನಡದಾಳು?”

ಆಮೇಲೆ ತಾನು ಮದುಮಗಳಾಗಿ ಬಂದ ದಿನ ಒಂದು ಹೆಜ್ಜೆ ತಪ್ಪಿದ್ದನ್ನು ಹೇಳಿದಳು. ಬಾವಿಯ ತಿರುವಿನ ಹತ್ತಿರ ಸಾಲಿನ ಹೊರಗೆ ಒಂದೇ ಒಂದು ಹೆಜ್ಜೆ ಇದೆ, ಅದು ಅವಳದು. ಅತ್ತೆ ಸಾಯುವ ತನಕ ಅದರ ಮಾತು ಎತ್ತಿದಳಂತೆ. ಇಂದಿಗೂ ಪ್ರತಿ ಮದುವೆಯಲ್ಲಿ ಆ ತಿರುವು ಬಂದಾಗ ಜನ ಒಮ್ಮೆ ಕೆಳಗೆ ನೋಡಿ, ಒಮ್ಮೆ ಅವಳ ಮುಖ ನೋಡುತ್ತಾರೆ. ಆ ಹುಡುಗಿಗೆ ಅಂಥ ನೂರು ಹೆಜ್ಜೆ ಆಗುವುದು ಬೇಡ ಎಂದಳು. ನಾನು ಜಗಳಕ್ಕೆಂದು ಹೋದವಳು ಚಹಾ ಕುಡಿದು ಎದ್ದು ಬಂದೆ.

ಮೂರನೇ ದಿನ ಅಚ್ಚಿನ ಕೆಲಸ ಹಿಡಿದೆ. ಊರಬಾಗಿಲವರೆಗೆ ಗಾಡಿ, ಅಲ್ಲಿಂದ ಮುಂದೆ ಹಲಗೆ ಹಾಸಿಕೊಂಡು ಅದರ ಮೇಲೆ ತೆವಳಿದೆ. ಬೇರೆ ಕಡೆ ಮರಳಿನ ಅಚ್ಚು ತೆಗೆಯುವಾಗ ಕುಸಿಯಬಾರದೆಂದು ಗಂಜಿನೀರು ಚಿಮುಕಿಸುತ್ತೇವೆ. ಇಲ್ಲಿ ಅದೂ ಬೇಕಿರಲಿಲ್ಲ. ಪ್ಲಾಸ್ಟರ್ ಕಲಸಿ ಎರಡು ಹೆಜ್ಜೆಗೂ ಅವುಗಳ ಪಕ್ಕದ ದಂಡದ ಗುಳಿಗೂ ಸುರಿದು, ಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದೆ. ಅಚ್ಚೆಂದರೆ ತಿರುವುಮುರುವು: ಮರಳಿನಲ್ಲಿ ತಗ್ಗಾಗಿದ್ದದ್ದು ಪ್ಲಾಸ್ಟರಿನಲ್ಲಿ ಎದ್ದು ನಿಲ್ಲುತ್ತದೆ. ಹೆಜ್ಜೆ ಹೋಗಿ ಪಾದವಾಗುತ್ತದೆ.

ಮಧ್ಯಾಹ್ನ ಎತ್ತಿ ತಿರುಗಿಸಿದೆ. ಎಡಪಾದ ಪೂರ್ತಿ ಮೂಡಿತ್ತು, ಮೈಭಾರವೆಲ್ಲ ಹಿಮ್ಮಡಿಯ ಮೇಲೆ. ನನ್ನ ಪಾದಕ್ಕಿಂತ ದೊಡ್ಡದಲ್ಲ. ಎರಡನೇ ಬೆರಳಿಗೆ ಕಾಲುಂಗುರವಿತ್ತು. ಬಲಪಾದದಲ್ಲಿ ಹಿಮ್ಮಡಿಯೇ ಇಲ್ಲ, ಮುಂಗಾಲು ಮಾತ್ರ. ಬೆರಳುಗಳು ಒಳಮುಖವಾಗಿ ಮುದುಡಿಕೊಂಡಿವೆ, ಹೆಬ್ಬೆರಳು ಎಳೆದ ಗೆರೆ. ದಂಡದ ಗುಳಿ ನೆಟ್ಟಗೆ ಇಳಿದಿರಲಿಲ್ಲ, ಓರೆಯಾಗಿ ಆಳಕ್ಕೆ ಹೋಗಿತ್ತು. ಗತ್ತಿಗೆ ಹಿಡಿದ ದಂಡ ಹಾಗೆ ಊರುವುದಿಲ್ಲ. ಕಂಕುಳಿಗೆ ಕೊಟ್ಟು ಮೈಭಾರ ಬಿಟ್ಟವರ ಕೋಲು ಮಾತ್ರ ಹಾಗೆ ಊರುತ್ತದೆ. ಐವತ್ತು ವರ್ಷದಿಂದ ನಾನು ಹಾಗೆಯೇ ಊರಿದ್ದೇನೆ. ಆ ಬಲಪಾದವನ್ನು ಮಡಿಲಲ್ಲಿ ಇಟ್ಟುಕೊಂಡು ಹಲಗೆಯ ಮೇಲೆ ಕೂತು ನಾನು ಅತ್ತೆ. ದುಃಖಕ್ಕಲ್ಲ, ಹೆಮ್ಮೆಗೆ. ಇಡೀ ಪಟ್ಟಣ ಬಾಗಿಲಲ್ಲಿ ದಾರಿ ತಿಳಿಯದೆ ನಿಂತಿದ್ದಾಗ ಒಬ್ಬ ಕುಂಟಿ ತನ್ನ ಸಣ್ಣ ಮನೆಯಿಂದ ಏಳು ಹೆಜ್ಜೆ ನಡೆದು ಬಂದು ಎಲ್ಲರ ಮುಂದಾಗಿದ್ದಳು. ಯಾಕೆ ಅವಳೇ ಮುಂದಾದಳೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಲ್ಲಿ ನೆಲ ಗಟ್ಟಿ, ಎಲ್ಲಿ ಕುಸಿಯುತ್ತದೆ ಎನ್ನುವುದು ಕೋಲು ಊರುವವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ.

ಊರಿಗೆ ಬಂದು ಮೊದಲು ಕಸ್ತೂರಿಗೆ ತೋರಿಸಿದೆ. ಅವಳು ರೊಟ್ಟಿಯ ಹಲಗೆ ಸರಿಸಿ, ಕೈಯೊರಸಿಕೊಂಡು, ತನ್ನ ಬಲಗಾಲನ್ನು ಅದರ ಪಕ್ಕದಲ್ಲಿಟ್ಟಳು. ಬಹಳ ಹೊತ್ತು ನೋಡಿದಳು. ಆಮೇಲೆ ಉಳಿದ ಹಿಟ್ಟು ನಾದತೊಡಗಿದಳು.

ಮರುದಿನ ಬೆಳಿಗ್ಗೆ ಊರೆಲ್ಲ ಕಟ್ಟೆಯ ಹತ್ತಿರ ಸೇರಿತು. ಬಟ್ಟೆ ಸರಿಸಿ ತೋರಿಸಿದೆ, ನನಗೆ ಕಂಡದ್ದನ್ನು ಕಂಡಹಾಗೆ ಹೇಳಿದೆ. ಎಲ್ಲರೂ ಸತ್ಯವ್ವನನ್ನು ನೋಡಿದರು. ಸತ್ಯವ್ವ ಬಗ್ಗಿ ಎರಡೂ ಪಾದ ಮುಟ್ಟಿ ನೋಡಿ, ನಾನು ಸುಣ್ಣ ಸರಿಯಾಗಿ ಕಲಸಿಲ್ಲ, ಒಣಗುವಾಗ ಸೊಟ್ಟಗಾಗಿದೆ ಅಂದಳು. ನನ್ನ ಕಾಲಿಗೆ ಅಂದಿದ್ದರೆ ತಾಳುತ್ತಿದ್ದೆ, ಕೆಲಸಕ್ಕೆ ಅಂದರೆ ತಾಳಲಾರೆ. ಅವತ್ತೇ ಮತ್ತೆ ಹೋಗಿ ಉಳಿದ ಐದೂ ಹೆಜ್ಜೆ ಎತ್ತಿ ತಂದು, ಮರುದಿನ ಕಟ್ಟೆಯ ಹತ್ತಿರ ಮತ್ತೆ ಸೇರಿದ ಜನರೆದುರು ಏಳನ್ನೂ ಸಾಲಾಗಿ ಇಟ್ಟೆ. ಏಳರಲ್ಲೂ ಅದೇ. ಆಗ ಅವಳು ಪಾದ ಹೇಗಾದರೂ ಇರಲಿ, ಸಾಲು ಸಾಲೇ, ಅದನ್ನು ನಡೆದು ತೋರಿಸಬೇಕಾದವರು ಕಾಲಿದ್ದವರು ಎಂದು ಹೇಳಿ ಏಳತೊಡಗಿದಳು. ಭರಮಪ್ಪ ತಲೆ ತಗ್ಗಿಸಿದ.

ಕಟ್ಟೆಯ ಪಕ್ಕದ ಗಾಡಿಯಲ್ಲಿ ಕೂತಿದ್ದ ಕಸ್ತೂರಿ ಆಗ ಬಾಯಿ ತೆರೆದಳು. “ದೊಡ್ಡವ್ವಾರ, ನಾ ನಡೀತೀನಿ,” ಅಂದಳು. “ಬಾಗಿಲಿಂದ ನಿಮ್ಮ ಹೊಸ್ತಿಲತನಕ. ಒಂದ ಒಂದು ಹೆಜ್ಜಿ ತಪ್ಪಿದ್ರ ಈ ಮಾತು ಇನ್ನ ಎತ್ತಂಗಿಲ್ಲ, ನಿಮ್ಮ ಮಗನೂ ಕಲ್ಲು ತರೋದು ಬ್ಯಾಡ.”

ಬಾಳವ್ವ ಬೇಡವೆಂದು ಮಗಳ ಕೈ ಹಿಡಿದು ಜಗ್ಗಿದಳು. ಅವಳ ಭಯ ನನಗೆ ತಿಳಿಯುತ್ತಿತ್ತು. ಬೇರೆ ಊರಿನಲ್ಲಿ ಬಿದ್ದರೆ ಎದ್ದು ಮೈ ಕೊಡವಿಕೊಳ್ಳಬಹುದು. ಇಲ್ಲಿ ಬಿದ್ದರೆ ಬಿದ್ದದ್ದು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಅವಳು ಹದಿನೈದು ವರ್ಷ ಕಾಪಾಡಿದ್ದು ಅದೊಂದನ್ನೇ. ಆದರೆ ಸತ್ಯವ್ವ ಆಗಲಿ ಎಂದುಬಿಟ್ಟಳು. ನಾನು ಗಾಡಿಯಿಂದ ಸೀರೆಯ ಸುತ್ತು ಬಿಚ್ಚಿ ನನ್ನ ಊರುಗೋಲು ತೆಗೆದು ಕಸ್ತೂರಿಗೆ ಕೊಟ್ಟೆ. ಕೋಲು ಕಂಡು ಜನ ಗುಜುಗುಜು ಎಂದರು. ಹಿರೀಕ ಊರಿದ ಗುಳಿಯಲ್ಲೇ ಊರುತ್ತಾಳೆ, ಹೊಸ ಗುಳಿ ಬಿದ್ದರೆ ನನ್ನನ್ನು ಕೇಳಿ ಎಂದು ನಾನು ಗದರಿದೆ.

ಇಳಿಬಿಸಿಲಿನಲ್ಲಿ ಊರಿಗೆ ಊರೇ ತಮ್ಮ ತಮ್ಮ ಸಾಲುಗಳಲ್ಲಿ ಹಿಂದೆ ಮುಂದೆ ನಿಂತಿತ್ತು. ನನ್ನ ಗಾಡಿ ಪಕ್ಕದಲ್ಲೇ ಮೆಲ್ಲಗೆ ಬರುತ್ತಿತ್ತು. ಊರಬಾಗಿಲಿನಲ್ಲಿ ಕಸ್ತೂರಿ ಕೋಲನ್ನು ಕಂಕುಳಿಗೆ ಕೊಟ್ಟು ನಿಂತಳು. ಅವಳು ಜನ್ಮದಲ್ಲಿ ಕೋಲು ಹಿಡಿದವಳಲ್ಲ, ಮೊದಲ ಹೆಜ್ಜೆಗೆ ತಡವರಿಸಿದಳು. ಬಲಗಾಲು ಗಾಳಿಯಲ್ಲಿ ಒಂದು ಕ್ಷಣ ತೂಗಿತು. ಕಾಲು ಇಳಿಯಿತು, ಹಳೇ ಹೆಜ್ಜೆಯೊಳಗೆ ಸರಿಯಾಗಿ ಕೂತಿತು. ಎರಡನೆಯದು. ಮೂರನೆಯದು. ಹತ್ತು ಹೆಜ್ಜೆಯಾಗುವಷ್ಟರಲ್ಲಿ ಅವಳು ಕೆಳಗೆ ನೋಡುವುದನ್ನು ಬಿಟ್ಟಳು. ಉಳಿದವರು ತಿಂಗಳುಗಟ್ಟಲೆ ರೂಢಿ ಮಾಡಿ ಒಲೆಯುತ್ತಿದ್ದ ಕಡೆ ಅವಳ ಮೈ ತಾನಾಗಿಯೇ ಒಲೆಯಿತು, ಬೇರೆಯವರ ಕಾಲು ದಾರಿ ಹುಡುಕುತ್ತಿದ್ದ ಕಡೆ ಅವಳ ಕಾಲು ಮೊದಲೇ ಹೋಗಿ ನಿಂತಿತ್ತು. ಹಿಂದೆ ಬರುತ್ತಿದ್ದ ಸತ್ಯವ್ವನಿಗೆ ಅವಳ ವೇಗ ಹಿಡಿಯಲಾಗದೆ ಏದುಸಿರು ಬಂತು. ಬಾವಿಯ ತಿರುವು ಬಂದಾಗ ಜನ ಕೆಳಗೆ ಬಗ್ಗಿ ನೋಡಿದರು. ಸತ್ಯವ್ವನ ಆ ಒಂಟಿ ಹೆಜ್ಜೆಯ ಪಕ್ಕದಲ್ಲೇ ಕಸ್ತೂರಿ ಕೋಲೂರಿ, ಸೊಂಟ ತಿರುಗಿಸಿ, ನೀರು ಹರಿದಷ್ಟು ಸಲೀಸಾಗಿ ದಾಟಿಹೋದಳು.

ಸತ್ಯವ್ವ ತಿರುವಿನಲ್ಲಿ ನಿಂತುಬಿಟ್ಟಳು. ಕೆಳಗೆ ನೋಡಿದಳು. ನಲವತ್ತೇಳು ವರ್ಷದಿಂದ ತನ್ನ ಅವಮಾನವೆಂದು ತಿಳಿದುಕೊಂಡಿದ್ದ ಹೆಜ್ಜೆ ಅದು, ಎರಡೂ ಕಾಲು ಗಟ್ಟಿಯಿದ್ದ ಹುಡುಗಿ ಇಟ್ಟ ಹೆಜ್ಜೆ. ಅವಳ ಮುಖ ಸಡಿಲವಾದದ್ದು ಗಾಡಿಯಿಂದಲೇ ನನಗೆ ಕಂಡಿತು. ಕಸ್ತೂರಿ ಆಗಲೇ ಸತ್ಯವ್ವನ ಮನೆಯ ಹೊಸ್ತಿಲು ಮುಟ್ಟಿ ಗೋಡೆಗೊರಗಿ ನಿಂತಿದ್ದಳು. ಸತ್ಯವ್ವ ಹತ್ತಿರ ಬಂದು ಅವಳ ಹಣೆಯ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು.

“ಇಷ್ಟು ವರ್ಸ ನಾವೆಲ್ಲ ಕುಂಟಿದ್ವಿ ತಂಗಿ,” ಅಂದಳು. “ನೀ ಒಬ್ಬಾಕಿ ನಡದಿ.”

ಬಾಳವ್ವ ಬೀದಿಯ ನಡುವೆಯೇ ಕುಕ್ಕರುಗಾಲಲ್ಲಿ ಕೂತು ಅತ್ತಳು. ಯಾವ ಸಾಲಿಗೂ ಸೇರದ ಜಾಗ ಅದು. ಅಲ್ಲಿ ಅವಳ ಅಂಗೈ ಊರಿದ ಗುರುತು ಇನ್ನು ಯಾವತ್ತೂ ಹೋಗುವುದಿಲ್ಲ. ಭರಮಪ್ಪ ಏನು ಮಾಡಬೇಕೆಂದು ತಿಳಿಯದೆ, ಹೆಗಲ ಮೇಲೆ ಹೊತ್ತು ತಂದಿದ್ದ ಕಲ್ಲನ್ನು ತನ್ನ ಮನೆಯ ಹೊಸ್ತಿಲ ಮುಂದೆಯೇ ಇಳಿಸಿಬಿಟ್ಟ.

ಮುಂದಿನ ವಾರವೆಲ್ಲ ಊರಿನಲ್ಲಿ ಒಂದು ಹೊಸ ಸದ್ದು. ಮಂಡಿನೋವಿಗೆ ವರ್ಷಗಟ್ಟಲೆ ಜಗುಲಿ ಬಿಟ್ಟು ಇಳಿಯದ ಮುದುಕ ಮುದುಕಿಯರು ಅಟ್ಟದಿಂದ, ದನದ ಕೊಟ್ಟಿಗೆಯಿಂದ ಎಲ್ಲೆಲ್ಲಿಂದಲೋ ಕೋಲು ತೆಗೆದು ಬೀದಿಗಿಳಿದರು. ಬೀದಿಯ ತುಂಬ ಗುಳಿಗಳು ಬಿದ್ದವು. ಹಿರೀಕನನ್ನು ಇನ್ನು ಹಿರೀಕಳು ಅನ್ನಬೇಕೋ ಎಂದು ಕಟ್ಟೆಯ ಮೇಲೆ ಎರಡು ದಿನ ಜಗಳ ನಡೆಯಿತು. ಕೊನೆಗೆ ಅವ್ವ ಎಂದರೆ ಸಾಕು ಎಂದು ತೀರ್ಮಾನವಾಯಿತು. ಭರಮಪ್ಪ ಕಸ್ತೂರಿಗೆ ಒಂದು ಊರುಗೋಲು ಕೆತ್ತಿದ. ಗೌಂಡಿಯ ಕೈಯ ಬಡಗಿ ಕೆಲಸ, ನೋಡಲು ಒರಟು, ಕಂಕುಳ ಕಡೆ ಮಾತ್ರ ಮೆತ್ತನೆ ಬಟ್ಟೆ ಸುತ್ತಿದ್ದ. ಮದುವೆಯ ದಿನ ನಿಶ್ಚಯವಾಯಿತು, ನನಗೂ ಬರಬೇಕೆಂದು ಸತ್ಯವ್ವ ಅಪ್ಪಣೆ ಮಾಡಿದಳು.

ನಾನು ಹೊರಡುವ ಬೆಳಿಗ್ಗೆ ಬಾಳವ್ವ ಗಾಡಿ ಕಟ್ಟಿದಳು, ನನ್ನ ಸಾಮಾನಿಗೆ. ನಾನು ನಡೆದೇ ಬರುತ್ತೇನೆಂದೆ. ಕಸ್ತೂರಿ ಕಟ್ಟೆಯವರೆಗೆ ಕಳಿಸಲು ಬರುತ್ತೇನೆಂದು ಹೊರಟಳು. ಮುಂಬಾಗಿಲಿನ ಕೊನೆಯ ಚಪ್ಪಡಿಯ ಮೇಲೆ ಒಂದು ಕ್ಷಣ ನಿಂತಳು. ಎದುರಿಗೆ ಅವಳದೇ ಒಂಬತ್ತು ವರ್ಷದ ಪಾದಗಳು, ರಂಗೋಲಿಯ ನಡುವೆ, ಹೊರಟು ಹೋಗಿ ತಿರುಗಿ ಬಾರದವು. ಅವುಗಳ ಪಕ್ಕದಲ್ಲಿ ಎಡಗಾಲು ಇಟ್ಟಳು, ಆಮೇಲೆ ಕೋಲು, ಆಮೇಲೆ ಬಲಗಾಲು. ಹಳೇ ಪಟ್ಟಣದ ಅವ್ವನ ಸಾಲಲ್ಲ, ಯಾರ ಸಾಲೂ ಅಲ್ಲ, ಅವಳದೇ ಹೊಸ ಹೆಜ್ಜೆ. ಬಾಳವ್ವ ನೋಡುತ್ತಿದ್ದಳು, ಬೇಡ ಅನ್ನಲಿಲ್ಲ.

ಹತ್ತು ಮಾರು ಮುಂದೆ ಹೋಗಿ ಕಸ್ತೂರಿ ತಿರುಗಿ ನೋಡಿದಳು. ನಾನು ಇನ್ನೂ ಚಪ್ಪಡಿಯ ಮೇಲೆಯೇ ಇದ್ದೆ. ಶಾಲೆಯ ಸಾಲಿನಲ್ಲಿ, ಮೆರವಣಿಗೆಯಲ್ಲಿ, ಅಕ್ಕತಂಗಿಯರ ಜೊತೆ, ಎಲ್ಲೂ ನನ್ನ ಹೆಜ್ಜೆ ಇನ್ನೊಬ್ಬರ ಹೆಜ್ಜೆಗೆ ಕೂಡಿದ್ದಿಲ್ಲ. ಆ ಆಸೆಯನ್ನು ಸಿಟ್ಟಿನ ಕೆಳಗೆ ಮುಚ್ಚಿಟ್ಟು ಎಷ್ಟೋ ಕಾಲವಾಗಿತ್ತು.

“ಅಲ್ಲೇ ಇಡ್ರಿ ಅಕ್ಕಾರ, ನಾ ಇಟ್ಟಲ್ಲೇ,” ಎಂದು ಕಸ್ತೂರಿ ಅಲ್ಲಿಂದಲೇ ಕೂಗಿದಳು.

ಎಡಗಾಲು ಇಟ್ಟೆ. ಅವಳ ಗುಳಿಯಲ್ಲಿ ಕೋಲು ಊರಿದೆ. ಬಲಗಾಲು ಎಳೆದು ಇಳಿಸಿದೆ. ಸರಿಯಾಗಿ ಕೂತಿತು. ಕಟ್ಟೆಯವರೆಗೂ ಹಾಗೆಯೇ ನಡೆದೆವು, ಅವಳು ಮುಂದೆ, ನಾನು ಹಿಂದೆ. ಬಸ್ಸು ಹತ್ತಿ ಕಿಟಕಿಯಿಂದ ನೋಡಿದಾಗ ಮರಳಿನ ಮೇಲೆ ಇದ್ದದ್ದು ಒಂದೇ ಸಾಲು.